ಕೀ ಇಲ್ಲದೆ ಹೊರಟುಹೋದ ಗಾಡಿ: ಮುರಿದ ಲಾಕಿನ ರಿಪೇರಿ, ಗುಟ್ಟಿನ ಸ್ವಿಚ್ಚು, ನೆಲದ ಬಳೆ

ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಬೈಕ್ ನಿಲ್ಲಿಸಿದ್ದ ಜಾಗ ಖಾಲಿ. ಸೈಡ್ ಸ್ಟ್ಯಾಂಡ್ ಊರುತ್ತಿದ್ದ ಕಡೆ ಕಪ್ಪು ಜಿಡ್ಡಿನ ಚುಕ್ಕೆ, ಅದರ ಪಕ್ಕದಲ್ಲಿ ಕಿರುಬೆರಳಿನ ಉಗುರಿನಷ್ಟು ಬಿಳಿ ಲೋಹದ ಚೂರು. ಕೈಗೆತ್ತಿಕೊಂಡು ನೋಡಿದೆ. ಒಂದು ಬದಿ ನಯ, ಇನ್ನೊಂದು ಬದಿ ಸಕ್ಕರೆ ಹರಳಿನ ಹಾಗೆ ತರಿತರಿ. ಹ್ಯಾಂಡಲ್ ಲಾಕಿನ ಕವಚ ಒಡೆದು ಬಿದ್ದ ಚೂರು ಅದು. ಹನ್ನೆರಡು ವರ್ಷ ಓಡಿಸಿದ ಗಾಡಿ. ಅದರ ಪ್ರತಿ ಬೋಲ್ಟೂ ನನ್ನ ಕೈಗೆ ಗೊತ್ತು. ಆ ಚೂರು ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ದೂರು ಕೊಟ್ಟು ಬಂದ ಮೇಲೆ ಸುತ್ತಲಿನ ರಸ್ತೆಗಳಲ್ಲಿ ಹುಡುಕುತ್ತಾ ನಡೆದೆ. ಒಂದೂವರೆ ಕಿಲೋಮೀಟರ್ ದೂರದಲ್ಲಿ, ಒಂದು ಗೋಡೆಗೆ ಒರಗಿಸಿ ಬಿಟ್ಟುಹೋಗಿದ್ದ ಗಾಡಿ ಸಿಕ್ಕಿತು. ಉಳಿಸಿದ್ದು ಪೆಟ್ರೋಲ್ ನಾಬ್. ರಾತ್ರಿ ನಿಲ್ಲಿಸುವಾಗ ಅದನ್ನು ಆಫ್ ಮಾಡುವುದು ನನ್ನ ಹಳೆಯ ರೂಢಿ. ಕಾರ್ಬ್ಯುರೇಟರಿನ ಫ್ಲೋಟ್ ಬೌಲಿನಲ್ಲಿ ಉಳಿಯುವುದು ಸುಮಾರು 40 ಮಿಲಿಲೀಟರ್ ಪೆಟ್ರೋಲ್. ಲೀಟರಿಗೆ 40 ಕಿ.ಮೀ. ಕೊಡುವ ಗಾಡಿಗೆ ಅದು 1.6 ಕಿ.ಮೀ. ದಾರಿ. ಲೆಕ್ಕ ಸರಿಯಾಗಿ ಅಲ್ಲಿಗೇ ಮುಗಿದಿದೆ. ಕದ್ದವನು ಆತುರದಲ್ಲಿದ್ದ, ನಾಬ್ ಕಡೆ ನೋಡಲಿಲ್ಲ. ಮುಂದಿನವನು ನೋಡಬಹುದು. ಹಾಗಾಗಿ ಬರೀ ರಿಪೇರಿ ಮಾಡಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಮೂರು ವಾರ ಹಿಡಿಯಿತು. ಮಾಡಿದ್ದು, ಕೆಟ್ಟಿದ್ದು, ಸರಿಹೋದದ್ದು ಎಲ್ಲವನ್ನೂ ಬರೆದಿಟ್ಟಿದ್ದೇನೆ.

ಮೊದಲ ದಿನ ಏನನ್ನೂ ಮುಟ್ಟದೆ ಫೋಟೋ ತೆಗೆದುಕೊಂಡೆ. ಹ್ಯಾಂಡಲ್ ಲಾಕ್ ಅಂದರೆ ಒಂದು ಸಣ್ಣ ಪಿನ್. ಕೀ ತಿರುಗಿಸಿದಾಗ ಅದು ಲಾಕಿನಿಂದ ಹೊರಬಂದು ಸ್ಟೀರಿಂಗ್ ಕಾಲಮ್ಮಿನ ಗುಳಿಯಲ್ಲಿ ಕೂರುತ್ತದೆ. ಪಿನ್ನು ಉಕ್ಕಿನದು, ಅದನ್ನು ಹಿಡಿದುಕೊಂಡಿರುವ ಕವಚ ಅಚ್ಚಿನಲ್ಲಿ ಎರಕ ಹೊಯ್ದ ಮೆದು ಲೋಹದ್ದು. ಹ್ಯಾಂಡಲ್ ಉದ್ದವಾದ ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ, ಬಲವಾಗಿ ಒದ್ದರೆ ಕವಚವೇ ಬಿರಿಯುತ್ತದೆ. ನನ್ನದರಲ್ಲೂ ಪಿನ್ ಬಾಗಿರಲಿಲ್ಲ, ಕವಚ ಎರಡು ಹೋಳಾಗಿತ್ತು. ಹೆಡ್‌ಲೈಟಿನ ಹಿಂದೆ ಇಗ್ನಿಷನ್ ಕಪ್ಲರನ್ನು (ಕೀ ಲಾಕಿನ ವೈರುಗಳು ಕೂಡುವ ಪ್ಲಾಸ್ಟಿಕ್ ಜೋಡಣೆ) ಕಿತ್ತು, ಎರಡು ವೈರುಗಳ ಸಿಪ್ಪೆ ಸುಲಿದು ಒಂದಕ್ಕೊಂದು ತಿರುಚಿದ್ದರು. ಒಂದು ಬ್ಯಾಟರಿಯಿಂದ ಬರುವ ಕೆಂಪು, ಇನ್ನೊಂದು ಲಾಕ್ ದಾಟಿ ಗಾಡಿಗೆಲ್ಲ ಕರೆಂಟು ಕೊಡುವ ವೈರ್. ಹಲ್ಲಿನಿಂದ ಸುಲಿದಿರಬೇಕು, ಪ್ಲಾಸ್ಟಿಕ್ಕಿನ ಮೇಲೆ ಗುರುತು ಮೂಡಿತ್ತು.

ಇಗ್ನಿಷನ್ ಲಾಕನ್ನು ನಾವು ಬೀಗ ಅಂದುಕೊಂಡಿರುತ್ತೇವೆ. ಕೀಯಲ್ಲಿ ಚಿಪ್ ಇಲ್ಲದ ಗಾಡಿಗಳಲ್ಲಿ ಅದು ಬೀಗದ ರೂಪದ ಒಂದು ಸ್ವಿಚ್ಚು, ಅಷ್ಟೇ. ಎರಡು ವೈರ್ ಕೂಡಿಸುವುದು ಅದರ ಕೆಲಸ, ಆ ಕೆಲಸವನ್ನು ಬೆರಳೂ ಮಾಡುತ್ತದೆ. ಪ್ಲಗ್ಗಿಗೆ ಸ್ಪಾರ್ಕ್ ಕಳಿಸುವ ಡಬ್ಬಿಗೆ ಸಿಡಿಐ ಎನ್ನುತ್ತಾರೆ. ಬ್ಯಾಟರಿಯ ಕರೆಂಟು ಬೇಡದ ಎಸಿ ಸಿಡಿಐ ಇರುವ ಕೆಲವು ಹಳೆಯ ಗಾಡಿಗಳ ಸ್ಥಿತಿ ಇನ್ನೂ ಕೆಟ್ಟದು. ಅವುಗಳಲ್ಲಿ ಕೀ ಆಫ್ ಮಾಡಿದಾಗ ಒಂದು ವೈರ್ ಅರ್ತ್‌ಗೆ ತಗುಲಿ ಸ್ಪಾರ್ಕ್ ನಿಲ್ಲುತ್ತದೆ. ಕಪ್ಲರ್ ಕಿತ್ತರೆ ಆ ಅರ್ತ್ ತಪ್ಪಿಹೋಗುತ್ತದೆ, ಏನನ್ನೂ ಕೂಡಿಸದೆಯೇ ಕಿಕ್ ಹೊಡೆದರೆ ಎಂಜಿನ್ ಎದ್ದುಬಿಡುತ್ತದೆ. ನಿಮ್ಮ ಗಾಡಿ ಯಾವ ಜಾತಿಯದು ಎಂದು ವೈರಿಂಗ್ ನಕ್ಷೆ ನೋಡಿ ಮೊದಲು ತಿಳಿದುಕೊಳ್ಳಿ, ಕಳ್ಳನಿಗೆ ಕಾಣದಂತೆ ಹಾಕುವ ಗುಟ್ಟಿನ ಸ್ವಿಚ್ಚಿನ ಜಾಗ ಅದರ ಮೇಲೆಯೇ ನಿಂತಿದೆ. ನನ್ನದು ಡಿಸಿ ಸಿಡಿಐ, ಅಂದರೆ ಸಿಡಿಐಗೆ 12 ವೋಲ್ಟ್ ತಲುಪದಿದ್ದರೆ ಸ್ಪಾರ್ಕ್ ಇಲ್ಲ.

ಎರಡು, ಮೂರನೆಯ ದಿನ ವೈರ್ ರಿಪೇರಿಗೆ ಹೋಯಿತು. ತಿರುಚಿದ ತುದಿಗಳನ್ನು ತಾಮ್ರ ಹೊಳೆಯುವವರೆಗೆ ಹಿಂದಕ್ಕೆ ಕತ್ತರಿಸಿ, 1 ಚದರ ಮಿ.ಮೀ. ದಪ್ಪದ ವೈರ್ ಸೇರಿಸಿ ಕ್ರಿಂಪ್ ಮಾಡಿದೆ, ಅಂದರೆ ಲೋಹದ ಸಣ್ಣ ಕೊಳವೆಯೊಳಗಿಟ್ಟು ಅದುಮಿ ಕೂಡಿಸಿದೆ. ಹಿಂದೆಲ್ಲ ಬೆಸುಗೆ ಹಾಕುತ್ತಿದ್ದೆ, ಈಗ ಗಾಡಿಯ ವೈರಿಗೆ ಹಾಕುವುದಿಲ್ಲ. ಬೆಸುಗೆಯ ಸೀಸ ಎಳೆಗಳ ಒಳಗೆ ಹರಿದು ವೈರನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ, ಆ ಕಡ್ಡಿ ಮುಗಿಯುವ ಜಾಗದಲ್ಲಿ ಅದುರಿ ಅದುರಿ ಒಂದು ದಿನ ತುಂಡಾಗುತ್ತದೆ. ಕ್ರಿಂಪ್ ಮಾಡಿದ ಮೇಲೆ ಎರಡೂ ಕಡೆ ಹಿಡಿದು ಜಗ್ಗಿ ನೋಡಬೇಕು. ಒಂದು ಕೈಗೇ ಬಂತು, ಮತ್ತೆ ಮಾಡಿದೆ. ಹೊಸ ಲಾಕ್ ಸೆಟ್ ಹಾಕಿದ್ದು ಅರ್ಧ ಗಂಟೆಯ ಕೆಲಸ, ಹೇಳಿಕೊಳ್ಳುವಂಥದ್ದೇನಿಲ್ಲ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಯಾವ ವೈರೂ ಬಿಗಿಯುತ್ತಿಲ್ಲ ಎಂದು ನೋಡಿಕೊಂಡೆ.

ನಿಜವಾದ ಕೆಲಸ ನಾಲ್ಕನೆಯ ದಿನ ಶುರುವಾಯಿತು. ಗುಟ್ಟಿನ ಸ್ವಿಚ್ಚನ್ನು ಎಲ್ಲಿ ಸೇರಿಸುವುದು? ಲಾಕಿನ ಹತ್ತಿರ ಸೇರಿಸಿದರೆ ಪ್ರಯೋಜನವಿಲ್ಲ, ಕಳ್ಳ ಕೈ ಹಾಕುವುದೇ ಅಲ್ಲಿ. ಸೆಲ್ಫ್ ಸ್ಟಾರ್ಟಿನ ವೈರ್ ಕಡಿದರೂ ಸಾಲದು, ತಳ್ಳಿ ಗೇರಿಗೆ ಹಾಕಿದರೆ ಎಂಜಿನ್ ಏಳುತ್ತದೆ. ಸ್ಪಾರ್ಕ್ ಯಾವಾಗ ಬೇಕೆಂದು ಸಿಡಿಐಗೆ ತಿಳಿಸುವ ಪಲ್ಸರ್ ಕಾಯಿಲಿನ ವೈರ್ ಕಡಿಯಬಹುದು, ಆದರೆ ಅದರಲ್ಲಿ ಹರಿಯುವುದು ಬಹಳ ಸಣ್ಣ ಸಿಗ್ನಲ್. ಸ್ವಿಚ್ಚಿನ ತುದಿಗೆ ಸ್ವಲ್ಪ ಕಿಲುಬು ಹಿಡಿದರೂ ಎಂಜಿನ್ ಮಿಸ್ ಹೊಡೆಯುತ್ತದೆ. ಕೊನೆಗೆ ಸಿಡಿಐಗೆ 12 ವೋಲ್ಟ್ ತರುವ ವೈರನ್ನೇ ಆರಿಸಿಕೊಂಡೆ, ಅದೂ ಸಿಡಿಐ ಕಪ್ಲರಿಗೆ ನಾಲ್ಕು ಬೆರಳು ಈಚೆಗೆ. ಹೀಗೆ ಮಾಡಿದರೆ ಲಾಕಿನ ಹತ್ತಿರ ವೈರ್ ತಿರುಚಿದಾಗ ನ್ಯೂಟ್ರಲ್ ದೀಪ ಹತ್ತುತ್ತದೆ, ಹಾರ್ನ್ ಹೊಡೆಯುತ್ತದೆ, ಸೆಲ್ಫ್ ಕೂಡ ತಿರುಗುತ್ತದೆ. ಎಂಜಿನ್ ಮಾತ್ರ ಹತ್ತುವುದಿಲ್ಲ. ಬೇಕೆಂದೇ ಸೆಲ್ಫ್ ಬಿಟ್ಟಿದ್ದೇನೆ. ಎಲ್ಲವೂ ಸತ್ತಂತಿದ್ದರೆ ಎಲ್ಲೋ ಗುಟ್ಟಿನ ಸ್ವಿಚ್ಚಿದೆ ಎಂದು ಕಳ್ಳನಿಗೆ ಹೊಳೆಯುತ್ತದೆ. ಸೆಲ್ಫ್ ತಿರುಗಿಯೂ ಎಂಜಿನ್ ಹತ್ತದಿದ್ದರೆ ಪ್ಲಗ್ ಹೋಗಿದೆ, ಪೆಟ್ರೋಲ್ ಇಲ್ಲ ಅಂದುಕೊಳ್ಳುತ್ತಾನೆ.

ಇಲ್ಲಿ ಎರಡು ದಿನ ಕೈ ಕಟ್ಟಿ ಕೂತು ಯೋಚಿಸಿದೆ. ಕಳ್ಳನಿಗೆ ಅಡ್ಡ ಬರಲೆಂದು ಹಾಕಿದ ಸ್ವಿಚ್ಚು ನಡುರಸ್ತೆಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಎಂಜಿನ್ ನಿಲ್ಲಿಸಿದರೆ ಗತಿಯೇನು? ಗಾಡಿ ಹೋದರೆ ಹೋಯಿತು, ಜೀವ ಹಾಗಲ್ಲ. ಸ್ವಿಚ್ಚಿನ ಸಣ್ಣ ವೈರ್ ಯಾವತ್ತಾದರೂ ತುಂಡಾದರೆ ಎಂಜಿನ್ ಓಡುತ್ತಲೇ ಇರಬೇಕು ಎಂದು ತೀರ್ಮಾನಿಸಿದೆ. ಅದಕ್ಕೆ ಬೇಕಾದ್ದು ಐದು ಕಾಲಿನ ರಿಲೇ, ಅಂದರೆ ಒಳಗಿನ ಕಾಯಿಲಿಗೆ (ತಂತಿಯ ಸುರುಳಿಗೆ) ಕರೆಂಟು ಕೊಟ್ಟಾಗ ತಾನೇ ಬದಲಾಗುವ ಸ್ವಿಚ್ಚು. ಅದರಲ್ಲಿ 30 ಮತ್ತು 87ಎ ಎಂಬ ಗುರುತಿನ ಕಾಲುಗಳು ಕಾಯಿಲಿಗೆ ಕರೆಂಟು ಇಲ್ಲದಿರುವಾಗ ಕೂಡಿರುತ್ತವೆ, ಕರೆಂಟು ಬಂದಾಗ ಬಿಡುತ್ತವೆ.

ಜೋಡಣೆ ಹೀಗೆ. ಸಿಡಿಐ ವೈರನ್ನು ಕತ್ತರಿಸಿ, ಲಾಕಿನ ಕಡೆಯಿಂದ ಬರುವ ತುದಿಯನ್ನು 30ಕ್ಕೆ, ಸಿಡಿಐ ಕಡೆಯ ತುದಿಯನ್ನು 87ಎಗೆ ಕೊಟ್ಟೆ. 30ರಿಂದಲೇ ಒಂದು ಕವಲು ತೆಗೆದು ಕಾಯಿಲಿನ 86ಕ್ಕೆ ಕೊಟ್ಟೆ. 85ರಿಂದ ಹೊರಟ ತೆಳು ವೈರ್ ಗುಟ್ಟಿನ ಸ್ವಿಚ್ಚಿಗೆ ಹೋಗಿ ಅಲ್ಲಿಂದ ಅರ್ತ್ ಸೇರುತ್ತದೆ. 87 ಖಾಲಿ. ಸ್ವಿಚ್ ಆನ್ ಇದ್ದರೆ ಗಾಡಿಗೆ ಬೀಗ: ಕೀ ತಿರುಗಿಸಲಿ, ವೈರ್ ತಿರುಚಲಿ, ಕರೆಂಟು ಬಂದ ಕ್ಷಣ ರಿಲೇ ಎಳೆದುಕೊಂಡು ಸಿಡಿಐ ದಾರಿಯನ್ನು ಕಡಿಯುತ್ತದೆ. ಸ್ವಿಚ್ ಆಫ್ ಇದ್ದರೆ ರಿಲೇ ಸುಮ್ಮನಿರುತ್ತದೆ, ಗಾಡಿ ಓಡುತ್ತದೆ. ಓಡುವಾಗ ಕಾಯಿಲಿಗೆ ಕರೆಂಟೇ ಬೇಡ, ಬಿಸಿಯಾಗುವ ಮಾತೂ ಇಲ್ಲ. ಯಾರಾದರೂ ರಿಲೇಯನ್ನೇ ಕಿತ್ತರೆ ಸಿಡಿಐ ದಾರಿ ತುಂಡಾದಂತೆಯೇ, ಎಂಜಿನ್ ಹತ್ತುವುದಿಲ್ಲ. ಒಂದು ದುರ್ಬಲ ಜಾಗ ಉಳಿಯುತ್ತದೆ. 85ರ ತೆಳು ವೈರನ್ನು ಹುಡುಕಿ ಕಡಿದರೆ ಬೀಗ ಬಿಟ್ಟಂತೆ. ಆ ಬೆಲೆಯನ್ನು ಗೊತ್ತಿದ್ದೇ ತೆತ್ತಿದ್ದೇನೆ.

ರಿಲೇ ತರುವಾಗ ಎಚ್ಚರ. ಐದು ಕಾಲು ಎಂದು ಹೇಳಿ ತಂದ ಮೊದಲನೆಯದರಲ್ಲಿ 87ಎ ಇರಲೇ ಇಲ್ಲ, 87 ಎಂದೇ ಎರಡು ಕಾಲುಗಳಿದ್ದವು. ನೋಡುವುದಕ್ಕೆ ಎರಡೂ ಬಗೆ ಒಂದೇ ಥರ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಕರೆಂಟು ಕೊಡದೆ 30 ಮತ್ತು ನಡುವಿನ ಕಾಲನ್ನು ಮುಟ್ಟಿ ನೋಡಿ, ಬೀಪ್ ಬಂದರೆ ಸರಿಯಾದದ್ದು. ಕಾಯಿಲ್ 82 ಓಮ್ ತೋರಿಸಿತು, ಅಂದರೆ ಎಳೆಯುವುದು ಸುಮಾರು 0.15 ಆಂಪಿಯರ್, ಯಾವ ಸಣ್ಣ ಸ್ವಿಚ್ಚಿಗೂ ಹೊರೆಯಲ್ಲ. ಕಾಯಿಲಿನ ಕರೆಂಟು ನಿಂತ ಗಳಿಗೆಯಲ್ಲಿ ಅದರಿಂದ ನೂರು ವೋಲ್ಟ್ ದಾಟುವ ಏಟು ಏಳಬಹುದು, ಸಿಡಿಐ ಪಕ್ಕದಲ್ಲೇ ಇದೆ. ಹಾಗಾಗಿ 85, 86ರ ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ಹಾಕಿದೆ, ಬೆಳ್ಳಿ ಪಟ್ಟೆ 86ರ ಕಡೆಗೆ. ತಿರುವುಮುರುವಾದರೆ ಅದು ನೇರ ಶಾರ್ಟ್.

ಎಂಟನೆಯ ದಿನ ಗಾಡಿಯನ್ನು ರಸ್ತೆಗೆ ತೆಗೆದೆ. ಐಡಲಿಂಗ್ ಚೆನ್ನಾಗಿತ್ತು, ನಿಧಾನಕ್ಕೆ ಓಡಿಸಿದರೂ ತೊಂದರೆಯಿಲ್ಲ. 6000 ಆರ್‌ಪಿಎಂ ದಾಟಿದ ಕೂಡಲೇ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಜರ್ಕ್. ಥ್ರಾಟಲ್ ಬಿಟ್ಟರೆ ಸರಿಹೋಗುತ್ತದೆ, ಏರಿಸಿದರೆ ಮತ್ತೆ ಅದೇ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ, ಪ್ಲಗ್ ಬದಲಿಸಿದೆ, ಗುಣವಾಗಲಿಲ್ಲ. ಆಮೇಲೆ 30 ಮತ್ತು 87ಎ ನಡುವೆ ಒಂದು ತುಂಡು ವೈರ್ ಸಿಕ್ಕಿಸಿ ರಿಲೇಯನ್ನು ಬದಿಗೊತ್ತಿ ಓಡಿಸಿದಾಗ ಜರ್ಕ್ ಮಾಯ. ತಪ್ಪು ರಿಲೇಯದಲ್ಲ, ನಾನು ಕಟ್ಟಿದ ರೀತಿಯದು. 87ಎಯನ್ನು ಹಿಡಿದಿಡುವುದು ಒಳಗಿನ ಸಣ್ಣ ಸ್ಪ್ರಿಂಗ್ ಮಾತ್ರ, ಕಾಯಿಲಿನ ಎಳೆತದಷ್ಟು ಬಿಗಿ ಅದಕ್ಕಿಲ್ಲ. ನಾನು ರಿಲೇಯನ್ನು ಚಾಸಿಯ ಪೈಪಿಗೇ ಜಿಪ್ ಟೈ ಹಾಕಿ ಬಿಗಿದಿದ್ದೆ, ಎಂಜಿನ್ನಿನ ನಡುಕವೆಲ್ಲ ನೇರ ಅದಕ್ಕೆ. ಹಳೆಯ ಟ್ಯೂಬಿನ ರಬ್ಬರನ್ನು ಎರಡು ಸುತ್ತು ಸುತ್ತಿ, ಜೊತೆಗೆ ಸ್ಪಂಜ್ ಇಟ್ಟು, ರಿಲೇಯನ್ನು ಕಾಲುಭಾಗದಷ್ಟು ಸುತ್ತು ತಿರುಗಿಸಿ ಸಡಿಲವಾಗಿ ಕೂರಿಸಿದೆ. ಮೂರು ದಿನ, ಎಲ್ಲ ಗೇರಿನಲ್ಲೂ ಏರಿಸಿ ಓಡಿಸಿದ ಮೇಲೆ ನೆಮ್ಮದಿಯಾಯಿತು. ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದಾಗ ರಿಲೇಯ ಎರಡು ತುದಿಗಳ ನಡುವೆ ಕಳೆದುಹೋಗುವುದು 0.05 ವೋಲ್ಟ್. ರಬ್ಬರಿನಿಂದ ಇನ್ನೊಂದು ಲಾಭವೂ ಆಯಿತು. ಬೀಗ ಹಾಕಿದ್ದಾಗ ಕೀ ತಿರುಗಿಸಿದರೆ ಕೇಳುತ್ತಿದ್ದ ಟಿಕ್ ಶಬ್ದ ಅಡಗಿತು. ಗುಟ್ಟನ್ನು ಅದೇ ಬಿಟ್ಟುಕೊಡುತ್ತಿತ್ತು.

ಸ್ವಿಚ್ ಎಲ್ಲಿದೆ ಎಂದು ಬರೆಯುವುದಿಲ್ಲ. ಆರಿಸಿದ ಬಗೆ ಮಾತ್ರ ಹೇಳುತ್ತೇನೆ. ಗ್ಲೌಸ್ ಹಾಕಿದ ಕೈಗೆ ಕತ್ತಲಲ್ಲೂ, ಬಗ್ಗದೆ ಸಿಗಬೇಕು. ಇಳಿಯುವಾಗ ಕೈ ಸಹಜವಾಗಿ ಹೋಗುವ ಕಡೆ ಇದ್ದರೆ ಮರೆಯುವುದಿಲ್ಲ, ಸೀಟು ಎತ್ತಿ ಒತ್ತುವ ಸ್ವಿಚ್ಚನ್ನು ವಾರದೊಳಗೆ ಒತ್ತುವುದು ಬಿಟ್ಟುಬಿಡುತ್ತೇವೆ. ನೀರು ನಿಲ್ಲುವ ಜಾಗವಾಗಬಾರದು. ಓಡಿಸುವಾಗ ಮೊಣಕಾಲು ತಗುಲುವಂತಿರಲೇಬಾರದು. ಕಾರ್ಬ್ಯುರೇಟರ್ ಇಲ್ಲದ ಇಂಜೆಕ್ಷನ್ ಗಾಡಿ ಇರುವವರು ಇದೇ ಜೋಡಣೆಯನ್ನು ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ವೈರಿಗೆ ಮಾಡಬಹುದು. ಕೀಯಲ್ಲೇ ಚಿಪ್ ಇರುವ ಇಮ್ಮೊಬಿಲೈಸರ್ ಗಾಡಿಯಾದರೆ ಇಗ್ನಿಷನ್ ವೈರುಗಳನ್ನು ಕತ್ತರಿಸಲು ಹೋಗದೆ ಉಳಿದ ಕೆಲಸಗಳ ಕಡೆ ಗಮನ ಕೊಡುವುದು ಒಳ್ಳೆಯದು.

ಎಂಜಿನ್ ಹತ್ತದಿದ್ದರೂ ಗಾಡಿಯನ್ನು ಎತ್ತಿ ವ್ಯಾನಿಗೆ ಹಾಕಲು ಬರುತ್ತದೆ. 140 ಕೆಜಿ ಗಾಡಿ ಮೂರು ಜನಕ್ಕೆ ದೊಡ್ಡ ಭಾರವಲ್ಲ. ಡಿಸ್ಕ್ ಲಾಕ್ ಚಕ್ರ ಉರುಳದಂತೆ ತಡೆಯುತ್ತದೆ, ಎತ್ತುವುದನ್ನು ತಡೆಯುವುದಿಲ್ಲ. ಎತ್ತುವವರಿಗೆ ಅಡ್ಡ ಬರುವುದು ಗಾಡಿಯನ್ನು ನೆಲಕ್ಕೇ ಕಟ್ಟಿಹಾಕುವ ಸರಪಳಿ. ಆ ಸರಪಳಿ ಪೋಣಿಸಲು ನೆಲಕ್ಕೆ ಉಕ್ಕಿನ ಬಳೆಯೊಂದನ್ನು ಕೂರಿಸಬೇಕಿತ್ತು. ನೆಲದ ಕಾಂಕ್ರೀಟ್ 150 ಮಿ.ಮೀ. ದಪ್ಪವಿತ್ತು. ಎಂ12 ಸ್ಟಡ್ (12 ಮಿ.ಮೀ. ದಪ್ಪದ ತಿರುಪಿನ ಸರಳು) ನಾಲ್ಕು, 14 ಮಿ.ಮೀ. ರಂಧ್ರ, 110 ಮಿ.ಮೀ. ಆಳ, ಹಿಡಿಸಲು ರೆಸಿನ್ ಎಂಬ ಗಟ್ಟಿಯಾಗುವ ಅಂಟು. ಮೊದಲನೆಯ ರಂಧ್ರ ಕೊರೆದು, ಬಾಯಿಂದ ಎರಡು ಸಲ ಊದಿ, ರೆಸಿನ್ ತುಂಬಿ ಸ್ಟಡ್ ಇಳಿಸಿದೆ. ಮರುದಿನ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸ್ಟಡ್ ರೆಸಿನ್ ಸಮೇತ ಮೇಣದಬತ್ತಿಯ ಹಾಗೆ ಎದ್ದು ಬಂತು. ಅದರ ಮೈತುಂಬ ಬೂದುಬಣ್ಣದ ಪುಡಿ. ರೆಸಿನ್ ಅಂಟಿಕೊಂಡದ್ದು ಧೂಳಿಗೆ, ಕಾಂಕ್ರೀಟಿಗಲ್ಲ. ಉಳಿದ ರಂಧ್ರಗಳಿಗೆ ತಳದವರೆಗೆ ಪಂಪಿನಿಂದ ಗಾಳಿ, ಆಮೇಲೆ ತಂತಿ ಬ್ರಷ್, ಮತ್ತೆ ಗಾಳಿ. ಧೂಳು ಬರುವುದು ನಿಲ್ಲುವವರೆಗೆ ಇದನ್ನೇ ಮಾಡಿದೆ. ಕೆಟ್ಟ ರಂಧ್ರವನ್ನು ಬಿಟ್ಟು ಪಕ್ಕದಲ್ಲಿ ಹೊಸದು ಕೊರೆದೆ. ರೆಸಿನ್ನನ್ನು ತಳದಿಂದ ತುಂಬುತ್ತಾ ನಳಿಕೆ ಮೇಲೆತ್ತಬೇಕು, ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಟ್ಟಿಯಾಗಲು ಬೇಕಾದ ಹೊತ್ತು ಟ್ಯೂಬಿನ ಮೇಲೆಯೇ ಬರೆದಿರುತ್ತದೆ, ಅದರ ಎರಡರಷ್ಟು ಕಾದೆ. ಉಕ್ಕಿನ ಬಳೆಯ ತಟ್ಟೆಯನ್ನು ಕೂರಿಸಿ ನಟ್ಟು ಬಿಗಿದ ಮೇಲೆ ನಟ್ಟಿನ ತಲೆಗಳಿಗೆ ವೆಲ್ಡಿಂಗ್ ಚುಕ್ಕೆ ಹಾಕಿಸಿದೆ. ಆಳೆತ್ತರದ ಹಾರೆ ಸಿಕ್ಕಿಸಿ ಇಬ್ಬರು ಜಗ್ಗಿದೆವು. ಹಾರೆ ಬಾಗಿತು, ಬಳೆ ಅಲುಗಲಿಲ್ಲ.

ಮನೆಯಲ್ಲಿದ್ದ 8 ಮಿ.ಮೀ. ಸರಪಳಿಯೇ ಸಾಕೇನೋ ಎಂದು ಆಸೆಯಿತ್ತು. ಮೂರಡಿ ಹಿಡಿಯ ಬೋಲ್ಟ್ ಕಟ್ಟರ್ ಎರವಲು ತಂದು ಒಂದು ಕೊಂಡಿಗೆ ಹಿಡಿದೆ. ಒಂದೇ ಅದುಮಿಗೆ ಟಪ್ ಎಂದು ಹೋಯಿತು. ಆಸೆ ಬಿಟ್ಟು 16 ಮಿ.ಮೀ. ಗಡಸು ಉಕ್ಕಿನದನ್ನು ತಂದೆ. ಕೈಯಿಂದ ಅದುಮುವ ಕಟ್ಟರಿನ ಬಾಯಿ ಅದಕ್ಕೆ ಹಿಡಿಯುವುದೇ ಇಲ್ಲ. ಗ್ರೈಂಡರ್ ಕೊಯ್ಯುತ್ತದೆ, ಅದಕ್ಕೆ ಸಾಮಾನ್ಯ ಸರಪಳಿ ಯಾವುದೂ ತಡೆಯಲ್ಲ. ಆದರೆ ಅಷ್ಟು ದಪ್ಪದ ಕೊಂಡಿ ಒಂದು ಕಡೆ ಕೊಯ್ದರೆ ಬಾಯಿ ಬಿಡುವುದಿಲ್ಲ, ಎರಡೂ ಕಡೆ ಕೊಯ್ಯಬೇಕು, ಅಷ್ಟು ಹೊತ್ತೂ ಕಿಡಿ ಹಾರುತ್ತಾ ಕೂಗುತ್ತಾ ಇರಬೇಕು. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್, ನೆದರ್ಲೆಂಡ್ಸಿನ ಎಆರ್‌ಟಿ ಇಂಥ ಬೀಗಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆಗಳು. ಕೊಳ್ಳುವಾಗ ಬಣ್ಣಕ್ಕಿಂತ ಆ ಗುರುತನ್ನು ನೋಡುವುದು ಮೇಲು. ಸರಪಳಿಯನ್ನು ಮುಂದಿನ ಚಕ್ರಕ್ಕೆ ಹಾಕಬೇಡಿ, ಆಕ್ಸಲಿನ ಒಂದು ನಟ್ಟು ಬಿಚ್ಚಿದರೆ ಚಕ್ರ ಬಿಟ್ಟು ಗಾಡಿ ಹೋಗುತ್ತದೆ. ನಾನು ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಒಳಗಿಂದ ಹಾಯಿಸಿ ಬಿಗಿಯುತ್ತೇನೆ. ನೆಲಕ್ಕೆ ತಾಗದಂತೆ ಎತ್ತರದಲ್ಲಿ ಬಿಗಿಯಾಗಿರಬೇಕು. ನೆಲದ ಮೇಲೆ ಬಿದ್ದ ಸರಪಳಿಗೆ ಕಟ್ಟರಿನ ಒಂದು ಹಿಡಿಯನ್ನು ನೆಲಕ್ಕೂರಿ ಇನ್ನೊಂದರ ಮೇಲೆ ಮೈಭಾರ ಹಾಕಲು ಬರುತ್ತದೆ, ಸುತ್ತಿಗೆಯಿಂದ ಹೊಡೆಯಲೂ ಸುಲಭ.

ಗಾಡಿ ಎಲ್ಲಿದೆ ಎಂದು ತಿಳಿಸುವ ಟ್ರ್ಯಾಕರ್ ಬಗ್ಗೆ ಒಂದು ಲೆಕ್ಕ ಸಾಕು. ಮಲ್ಟಿಮೀಟರನ್ನು ಸರಣಿಯಲ್ಲಿಟ್ಟು ಅಳೆದಾಗ ಎಚ್ಚರವಿದ್ದಾಗ 22 ಮಿಲಿಆಂಪಿಯರ್, ನಿದ್ದೆಯಲ್ಲಿ 4. ದಿನವಿಡೀ ಎಚ್ಚರವಿದ್ದರೆ ದಿನಕ್ಕೆ ಅರ್ಧ ಆಂಪಿಯರ್ ಅವರ್‌ಗಿಂತ ಹೆಚ್ಚು, ನನ್ನ 5 ಆಂಪಿಯರ್ ಅವರ್ ಬ್ಯಾಟರಿ ಐದು ದಿನದೊಳಗೆ ಅರ್ಧಕ್ಕಿಳಿಯುತ್ತದೆ. ನಿದ್ದೆಗೆ ಹಾಕಿ, ಅಲುಗಾಡಿದರೆ ಏಳುವಂತೆ ಮಾಡಿದ ಮೇಲೆ ಅದೇ ಅರ್ಧಕ್ಕೆ ಇಪ್ಪತ್ತೈದು ದಿನ ದಾಟುತ್ತದೆ. ಒಳಗೆ ಸ್ವಂತ ಬ್ಯಾಟರಿ ಇರುವುದನ್ನೇ ತೆಗೆದುಕೊಳ್ಳಿ, ಗಾಡಿಯ ಬ್ಯಾಟರಿ ಕಿತ್ತರೂ ಅದು ಜೀವಂತವಾಗಿರುತ್ತದೆ. ಪ್ಲಾಸ್ಟಿಕ್ಕಿನ ಕೆಳಗೆ, ಆಕಾಶಕ್ಕೆ ಮುಖ ಮಾಡಿ ಇಡಬೇಕು, ತಗಡಿನ ಕೆಳಗಲ್ಲ.

ಚಾಸಿ ನಂಬರಿನ ಫೋಟೋ ಕೂಡ ತೆಗೆದಿಟ್ಟೆ. ದೂರು ಬರೆಸುವಾಗ 0 ಎಂದು ಹೇಳುವ ಬದಲು ಓ ಎಂದುಬಿಟ್ಟಿದ್ದೆ. ಆ 17 ಅಕ್ಷರಗಳಲ್ಲಿ ಐ, ಓ, ಕ್ಯೂ ಬರುವುದೇ ಇಲ್ಲ, 1 ಮತ್ತು 0 ಜೊತೆ ಗೊಂದಲವಾಗಬಾರದೆಂದು ಬಿಟ್ಟಿದ್ದಾರೆ. ಅದೇ ನಂಬರನ್ನು ಸೀಟಿನ ಅಡಿಯಲ್ಲಿ, ಸೈಡ್ ಪ್ಯಾನೆಲ್ಲುಗಳ ಒಳಮೈಯಲ್ಲಿ, ಸ್ವಿಂಗ್ ಆರ್ಮಿನ ಕೆಳಬದಿಯಲ್ಲಿ ಕೊರೆದಿದ್ದೇನೆ.

ಇಪ್ಪತ್ತನೆಯ ದಿನ ಪರೀಕ್ಷೆ. ಇಪ್ಪತ್ತು ವರ್ಷದಿಂದ ಗಾಡಿ ಬಿಚ್ಚುತ್ತಿರುವ ಮೆಕ್ಯಾನಿಕ್ ಗೆಳೆಯನೊಬ್ಬನನ್ನು ಕರೆದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಸರಪಳಿ ತೆಗೆದಿಟ್ಟೆ, ಇಗ್ನಿಷನ್ ಕಪ್ಲರನ್ನೂ ಬಿಚ್ಚಿಕೊಟ್ಟೆ. "ಕೀ ಇಲ್ಲದೆ ಸ್ಟಾರ್ಟ್ ಮಾಡಪ್ಪಾ, ನೋಡೋಣ" ಅಂದೆ. "ಐದು ನಿಮಿಷ ಸಾಕಣ್ಣ" ಎಂದು ಕೂತ. ವೈರ್ ಕೂಡಿಸಿದ, ದೀಪ ಬಂತು. ಸೆಲ್ಫ್ ಒತ್ತಿದ, ತಿರುಗಿತು. ಪೆಟ್ರೋಲ್ ನಾಬ್ ಆನ್ ಮಾಡಿದ, ಚೋಕ್ ಎಳೆದ, ಮತ್ತೆ ಒತ್ತಿದ. ಏಳನೆಯ ನಿಮಿಷಕ್ಕೆ ಪ್ಲಗ್ ಬಿಚ್ಚಿ ಹೆಡ್ಡಿಗೆ ಹಿಡಿದು ನೋಡಿದ, ಸ್ಪಾರ್ಕ್ ಇಲ್ಲ. "ಏನೋ ಮಾಡಿದ್ದೀರಿ ಕಣಣ್ಣಾ ನೀವು" ಎಂದು ಸೀಟು ಎತ್ತಿದ. ಅಲ್ಲಿಂದ ಮಾತು ನಿಂತಿತು. ಇಪ್ಪತ್ತಮೂರನೆಯ ನಿಮಿಷಕ್ಕೆ ರಿಲೇ ಅವನ ಕೈಯಲ್ಲಿತ್ತು.

"ಹೇಗೆ ಸಿಕ್ತು?" ಎಂದು ಕೇಳಿದೆ. ಟಾರ್ಚನ್ನು ವೈರುಗಳ ಮೇಲೆ ಹಾಯಿಸಿ ತೋರಿಸಿದ. ಹನ್ನೆರಡು ವರ್ಷದ ಧೂಳು ಕೂತ ಮಾಸಲು ಟೇಪಿನ ನಡುವೆ ಒಂದು ಗೇಣು ಹೊಸ ಟೇಪು ಮಿರಮಿರ ಮಿಂಚುತ್ತಿತ್ತು. "ಇದೇ ಕೂಗಿ ಕರೀತಲ್ಲಣ್ಣ."

ಅವತ್ತೇ ಸಂಜೆ ಆ ಟೇಪು ಬಿಚ್ಚಿದೆ. ಗುಜರಿ ಸೇರಿದ್ದ ಹಳೆಯ ವೈರಿಂಗಿನಿಂದ ಬಟ್ಟೆಯ ಟೇಪನ್ನು ಹರಿಯದಂತೆ ಸುಲಿದು ತಂದು, ಹೊಸ ವೈರುಗಳನ್ನು ಹಳೆಯ ವೈರುಗಳ ಕಟ್ಟಿನ ನಡುವೆ ಸೇರಿಸಿ ಅದರಲ್ಲೇ ಸುತ್ತಿದೆ. ಮೇಲೆ ಎಂಜಿನ್ ಆಯಿಲಿನ ಬೆರಳು ಸವರಿ ರಸ್ತೆಯ ಧೂಳು ಉದುರಿಸಿದೆ. ಮುಂದಿನ ಭಾನುವಾರ ಅವನು ಇನ್ನೊಮ್ಮೆ ಬರುತ್ತಾನೆ. ರಿಲೇ ಇರುವುದು ಅವನಿಗೆ ಈಗ ಗೊತ್ತು, ಅದಕ್ಕೆ ಜಾಗವನ್ನೂ ಬದಲಿಸಿದ್ದೇನೆ.